ರೇಡಿಯೇಟರಿನ ನೀರು

ನಮ್ಮೂರು ಕೊಳಗಲ್ಲಿನಲ್ಲಿ ಕ್ರಿ.ಶ. 967ನೆಯ ಇಸವಿಯ ಶಾಸನವೊಂದುಂಟು. ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನು ಕಾಲವಾಗಿ ಅವನ ತಮ್ಮನಾದ ಖೊಟ್ಟಿಗನು ಪಟ್ಟವೇರಿದ ಸಂಗತಿ ಆ ಕಲ್ಲಿನಿಂದ ತಿಳಿಯುತ್ತದೆಂದು ಇತಿಹಾಸಜ್ಞರು ಅದನ್ನು ಬಹುವಾಗಿ ಆದರಿಸುತ್ತಾರೆ. ಚಕ್ರವರ್ತಿಯ ಮರಣವನ್ನು ಕಲ್ಲಿನಲ್ಲಿ ಕೊರೆಯಿಸುವಷ್ಟು ವ್ಯವಧಾನವಿದ್ದ ನಮ್ಮ ಪೂರ್ವಿಕರು, ಊರಿನಲ್ಲಿ ಒಮ್ಮೆ ಬಹಳ ಚಳಿಯಾಯಿತೆಂಬ ಮಾತನ್ನು ಮಾತ್ರ ಎಲ್ಲಿಯೂ ಬರೆಯಿಸಿಟ್ಟಂತೆ ಕಾಣೆ. ಬರೆಯಿಸಲು ಚಳಿಯಾದರೂ ಇರಬೇಕಷ್ಟೆ. ಮಾರ್ಗಶಿರ ಪುಷ್ಯಗಳಲ್ಲಿ ಹೊದೆಯಲು ಒಂದು ಕಂಬಳಿ, ಬೆಳಗಿನ ಜಾವದಲ್ಲಿ ಅಂಗೈ ಕಾಯಿಸಿಕೊಳ್ಳಲು ನಾಲ್ಕು ಹತ್ತಿಕಟ್ಟಿಗೆಯ ಉರಿ, ಇಷ್ಟರಲ್ಲಿ ನಮ್ಮ ಹೇಮಂತ ಶಿಶಿರಗಳೆರಡೂ ತೀರಿಹೋಗಿ, ಶಿವರಾತ್ರಿಯ ಮರುದಿನದಿಂದಲೇ ಬಳ್ಳಾರಿಯ ಕಲ್ಲುಗುಡ್ಡಗಳು ಕಾದ ಹೆಂಚುಗಳಾಗತೊಡಗುತ್ತವೆ. ಇಂಥ ಊರಿನವನು, ಶೂನ್ಯಕ್ಕಿಂತ ಮೂವತ್ತು ಡಿಗ್ರಿ ಕೆಳಗಿನ ಶೀತದಲ್ಲಿ, ಮೊಣಕಾಲುದ್ದದ ಹಿಮದಲ್ಲಿ, ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಶಕ್ತಿ ಹರಿಯುವ ಹಳೆಯ ಗಾಡಿಗಳನ್ನು ನಡೆಸುವ ವಿದ್ಯೆಯನ್ನು ಕುರಿತು ಬರೆಯಹೊರಟರೆ, ಈಜು ಬಾರದವನು ಸಮುದ್ರಯಾನದ ಪುರಾಣ ಹೇಳಿದಂತೆ ಓದುಗರಿಗೆ ತೋರಿದರೆ ತಪ್ಪಿಲ್ಲ. ಆದರೆ ನನಗೆ ಈ ಅಧಿಕಾರವು ಸೋದರಮಾವನ ಕಡೆಯಿಂದ ಬಂದದ್ದು. ನಮ್ಮಲ್ಲಿ ಸೋದರಮಾವನ ಕಡೆಯಿಂದ ಬಂದದ್ದನ್ನು ಯಾರೂ ಪ್ರಶ್ನಿಸುವ ಪದ್ಧತಿಯಿಲ್ಲ.

ಮಾವ 1962ರ ಚೀನಾ ಯುದ್ಧದ ತರುವಾಯ, ಸೈನ್ಯದಲ್ಲಿ ಹೊಸ ಭರ್ತಿಯು ಭರದಿಂದ ನಡೆದ ಕಾಲದಲ್ಲಿ, ಎದೆಯಳತೆ ಕೊಟ್ಟು ಸಿಪಾಯಿಯಾದವರು. ಅದುವರೆಗೆ ಅವರು ನಡೆಸಿ ಬಲ್ಲ ವಾಹನವೆಂದರೆ ಎರಡೆತ್ತಿನ ಬಂಡಿ ಒಂದೇ. ಬೆಂಗಳೂರಿನ ಆರ್ಮಿ ಸರ್ವಿಸ್ ಕೋರಿನ ಕೇಂದ್ರದಲ್ಲಿ ಅವರಿಗೆ ಲಾರಿ ನಡೆಸುವುದನ್ನು ಕಲಿಸಿ, ಕಲಿತ ಕೈಯ ಬೆವರು ಆರುವ ಮೊದಲೇ ಲಡಾಖಿಗೆ ಸಾಗಿಸಿದರು. ಅಲ್ಲಿ ಅವರ ವಶಕ್ಕೆ ಬಂದದ್ದು ಶಕ್ತಿಮಾನ್ ಎಂಬ ಲಾರಿ. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿ ಪಡೆದು 1959ರಿಂದ ನಮ್ಮ ಸರ್ಕಾರವೇ ಜಬಲ್ಪುರದಲ್ಲಿ ಕಟ್ಟಿಸುತ್ತಿದ್ದ ಆ ಲಾರಿಯನ್ನು ಮಾವ ಎಂದೂ 'ಅದು' ಎಂದವರಲ್ಲ, 'ಅವನು' ಎನ್ನುತ್ತಿದ್ದರು. ಮುಂದೆ ಒಂದು ಟನ್ನಿನ ನಿಸ್ಸಾನ್, ಅದರ ತಮ್ಮನಂತಿದ್ದ ಜೋಂಗಾ, ಸಾಹೇಬರುಗಳ ಜೀಪು, ಇವೆಲ್ಲವೂ ಅವರ ಕೈಯಲ್ಲಿ ಪಳಗಿದವು. ಜೋಂಗಾ ಎಂಬುದು ಯಾವುದೋ ಕಾಡುಪ್ರಾಣಿಯ ಹೆಸರೆಂದು ಬಾಲ್ಯದಲ್ಲಿ ನಾನು ನಂಬಿದ್ದೆ. ಜಬಲ್ಪುರದ ಕಾರ್ಖಾನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಪೋಣಿಸಿದರೆ ಆಗುವ ಪದವದು ಎಂದು ತಿಳಿದಾಗ ಆದ ನಿರಾಶೆ ಈಗಲೂ ಪೂರ್ತಿ ಹೋಗಿಲ್ಲ.

ರಜಕ್ಕೆ ಬಂದಾಗ ಮಾವ ಸಂಜೆಯ ಹೊತ್ತು ಕಟ್ಟೆಯ ಮೇಲೆ ಕುಳಿತು ಹಿಮದ ವರ್ಣನೆ ಮಾಡುತ್ತಿದ್ದರು. ವರ್ಣನೆಯೆಂದರೆ ಕವಿಗಳ ವರ್ಣನೆಯಲ್ಲ. ಧವಳಗಿರಿ, ಹಿಮಮಣಿ ಮೊದಲಾದ ಶಬ್ದಗಳು ಅವರ ಬಾಯಿಂದ ಒಂದು ಸಲವೂ ಬಂದದ್ದಿಲ್ಲ. "ಅಳಿಯಾ, ಹಿಮ ಅಂದ್ರ ಏನಂತ ತಿಳಿದೀಯ? ನಮ್ಮ ಎರಿ ಹೊಲದ ಕೆಸರು ಐತಲ್ಲ, ಅದಾ. ಬಿಳೀ ಬಣ್ಣ ಬಳದಾರ, ಅಷ್ಟಾ." ಈ ಒಂದು ಮಾತಿನಿಂದ ಹಿಮಾಲಯವು ನಮ್ಮ ಊರ ಮುಂದಿನ ಹಳ್ಳದ ದಾರಿಗೆ ಇಳಿದುಬಿಡುತ್ತಿತ್ತು.

ಎರೆಯ ಕೆಸರನ್ನು ಕಾಣದವರಿಗೆ ಈ ಹೋಲಿಕೆಯ ಮರ್ಮವು ತಿಳಿಯದು. ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳ ನಡುವಿನ ಈ ಕಪ್ಪು ನೆಲವು ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಟ್ಟು ಬಾಯಾರಿ ಮಲಗಿದ್ದು, ಒಂದು ಹದಮಳೆ ಬಿದ್ದದ್ದೇ ತಡ, ಊದಿಕೊಂಡು, ಮೆತ್ತಗಾಗಿ, ಮೇಲೆ ಬೆಣ್ಣೆಯಂತೆಯೂ ಒಳಗೆ ಅಂಟಿನಂತೆಯೂ ಆಗುತ್ತದೆ. ಅದರ ಮೇಲೆ ನಡೆದವನ ಕೆರ ಒಂದೊಂದು ಹೆಜ್ಜೆಗೂ ಒಂದೊಂದು ಸೇರು ತೂಕ ಹೆಚ್ಚಿಸಿಕೊಳ್ಳುವುದು. ಬಂಡಿಯ ಗಾಲಿ ಅರೆಗಳ ನಡುವೆ ಮಣ್ಣು ತುಂಬಿಕೊಂಡು ಗಾಣದ ಕಲ್ಲಿನಂತಾಗುವುದು. ಮೋಟಾರು ಗಾಡಿಯಾದರೋ ಇದ್ದಲ್ಲಿಯೇ ಗಾಲಿ ತಿರುಗಿಸುತ್ತ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುವುದು. ಇಂಥ ಸಮಯದಲ್ಲಿ ಅವಸರ ಮಾಡಿ ಆಕ್ಸಿಲರೇಟರು ಒತ್ತಿದವನು ಕೆಟ್ಟ. ಹೆದರಿ ಬ್ರೇಕು ಒತ್ತಿದವನೂ ಕೆಟ್ಟ. ಮೊದಲನೆಯ ಗೇರನ್ನು ಬಿಟ್ಟು ಎರಡನೆಯದರಲ್ಲಿ ಹೊರಟು, ಗಾಲಿಗೆ ಬೇಕಾದುದಕ್ಕಿಂತ ಒಂದು ಹಿಡಿಯಷ್ಟೂ ಹೆಚ್ಚು ಬಲ ಕೊಡದೆ, ಹಿಂದೆ ಹೋದವರ ಗಾಡಿಜಾಡಿನಲ್ಲಿಯೇ ತನ್ನ ಗಾಲಿಗಳನ್ನಿರಿಸಿ, ನಿಲ್ಲದೆ, ಓಡದೆ, ಎಮ್ಮೆ ಕೆರೆಯಿಂದ ಮೇಲೇರುವ ಗತಿಯಲ್ಲಿ ಸಾಗಿದವನೊಬ್ಬನು ಮಾತ್ರ ಸಂಜೆಯೊಳಗೆ ಮನೆ ಸೇರುವನು. ಹಿಮದಲ್ಲಿಯೂ ವಿಧಿಯು ಇದೇ. ಪಂಜಾಬಿನ ಗಟ್ಟಿ ರಸ್ತೆಗಳಲ್ಲಿ ಲಾರಿ ಹೊಡೆದು ಬಂದ ಗಂಡುಗಲಿಗಳು ಮೊದಲ ಹಿಮಪಾತದಲ್ಲಿಯೇ ಕಂದಕದ ಅಂಚಿಗೆ ಜಾರಿ ನಿಂತಾಗ, ಎಂದೂ ಹಿಮ ಕಾಣದ ಕೊಳಗಲ್ಲಿನ ಹುಡುಗನು ಸದ್ದಿಲ್ಲದೆ ಅವರನ್ನು ದಾಟಿ ಹೋದನೆಂಬುದು ಮಾವನ ನಿತ್ಯದ ಕಥೆ. ಕಥೆಯಲ್ಲಿ ದಾಟಲ್ಪಟ್ಟ ಲಾರಿಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ವೃದ್ಧಿಯಾಗುತ್ತಿತ್ತೆಂಬುದನ್ನೂ ಸತ್ಯದ ದೃಷ್ಟಿಯಿಂದ ಇಲ್ಲಿ ಹೇಳಬೇಕು.

1978ರಲ್ಲಿ ಪೆನ್ಷನ್ ಪಡೆದು ಬಂದ ಮಾವ, ಬಂದ ಹಣದಲ್ಲಿ ಹೊಲವನ್ನಾಗಲಿ ಬಂಗಾರವನ್ನಾಗಲಿ ಕೊಳ್ಳದೆ, ಮಿಲಿಟರಿಯವರು ಹರಾಜಿನಲ್ಲಿ ವಿಲೇವಾರಿ ಮಾಡಿದ ಒಂದು ಹಳೆಯ ಪೆಟ್ರೋಲ್ ಜೀಪನ್ನು ಕೊಂಡುತಂದರು. ಅತ್ತೆ ಮುನಿಸಿಕೊಂಡರು. ನಾನಂತೂ ಶಾಲೆಯಿಂದ ಬಂದವನೇ ಆ ಜೀಪಿನಲ್ಲಿ ಏರಿ ಕೂತುಬಿಡುತ್ತಿದ್ದೆ. ದೊಡ್ಡ ಗೇರುಕಂಬಿಯ ಪಕ್ಕದಲ್ಲಿ, ತಾಯಿಯ ಮಗ್ಗುಲಲ್ಲಿ ಅವಳಿ ಮಕ್ಕಳು ನಿಂತಂತೆ ಎರಡು ಸಣ್ಣ ಕಂಬಿಗಳಿದ್ದವು. ಒಂದನ್ನು ಸರಿಸಿದರೆ ಮುಂದಿನ ಗಾಲಿಗಳಿಗೂ ಶಕ್ತಿ ಹೋಗುವುದು. ಇನ್ನೊಂದನ್ನು ಸರಿಸಿದರೆ ವೇಗವು ಕುಗ್ಗಿ ಬಲವು ಹೆಚ್ಚುವುದು. ಎರಡನ್ನೂ ಹಾಕಿಕೊಂಡು ನೋಡೋಣವೆಂದು ನಾನು ಒಮ್ಮೆ ಬಳ್ಳಾರಿಯ ಡಾಂಬರು ರಸ್ತೆಯಲ್ಲಿ ಬೇಡಿಕೊಂಡಾಗ ಮಾವ ನನ್ನ ಕೈಯ ಮೇಲೆ ಮೆಲ್ಲಗೆ ಹೊಡೆದರು. ತಿರುವಿನಲ್ಲಿ ಮುಂದಿನ ಗಾಲಿಗಳು ನಡೆಯುವ ದಾರಿ ಹಿಂದಿನವುಗಳ ದಾರಿಗಿಂತ ಉದ್ದವಾದದ್ದರಿಂದ, ನಾಲ್ಕನ್ನೂ ಒಂದೇ ನೊಗಕ್ಕೆ ಕಟ್ಟಿದರೆ ಒಂದನ್ನೊಂದು ಎಳೆದಾಡಿ ಒಳಗಿನ ಹಲ್ಲುಚಕ್ರಗಳು ಮುರಿದುಹೋಗುವುವೆಂದೂ, ಕೆಸರಿನಲ್ಲಾಗಲಿ ಹಿಮದಲ್ಲಾಗಲಿ ಗಾಲಿಗಳು ಸ್ವಲ್ಪ ಜಾರಿ ಆ ಜಗಳವನ್ನು ತಾವೇ ತೀರಿಸಿಕೊಳ್ಳುವುವೆಂದೂ ಅವರು ವಿವರಿಸಿದರು. "ಗಟ್ಟಿ ನೆಲದಾಗ ನಾಲ್ಕು ಮಂದಿ ಅಣ್ಣತಮ್ಮಂದಿರನ್ನ ಒಂದಾ ಹಗ್ಗಕ್ಕ ಕಟ್ಟಬಾರದು," ಎಂದರು. ಆಗ ನಮ್ಮ ತಾಯಿಯ ಮನೆಯಲ್ಲಿ ಆಸ್ತಿ ಪಾಲಾಗುತ್ತಿದ್ದ ಕಾಲ.

ಆದರೆ ಜಾರುವುದು, ಸಿಕ್ಕಿಬೀಳುವುದು, ಗಾಲಿಗೆ ಸರಪಳಿ ಕಟ್ಟುವುದು ಇವೆಲ್ಲ ಹಗಲಿನ ಮಾತು. ಹಿಮದೇಶದಲ್ಲಿ ಗಾಡಿಯವನ ನಿಜವಾದ ಕೆಲಸವು ಗಾಡಿ ನಿಂತ ಮೇಲೆ ಪ್ರಾರಂಭವಾಗುತ್ತದೆಂಬುದನ್ನು ನಾನು ಮಾವನ ಬಾಯಿಂದ ಕೇಳಿ ತಿಳಿದೆ. ನಮ್ಮಲ್ಲಿ ಒಕ್ಕಲು ಮಾಡುವವನು ನಡುರಾತ್ರಿ ಎದ್ದು ಕೊಟ್ಟಿಗೆಗೆ ಹೋಗಿ ಎತ್ತುಗಳ ಮುಂದೆ ಒಂದು ತೆಕ್ಕೆ ಸೊಪ್ಪೆ ಹಾಕಿ, ಅವುಗಳ ಮೈಮೇಲೆ ಒಮ್ಮೆ ಕೈಯಾಡಿಸಿ ಬಂದು ಮಲಗುವನಷ್ಟೆ. ಬೆಳಿಗ್ಗೆ ದುಡಿಯಬೇಕಾದದ್ದು ಅವು. ತಾನು ನಿದ್ದೆಗೆಟ್ಟರೂ ಸಾಗುತ್ತದೆ, ಅವು ಹಸಿದರೆ ಸಾಗದು. ಮಾವ ಹದಿನೈದು ವರ್ಷ ಮಾಡಿದ್ದೂ ಅದೇ. ಮೈನಸ್ ಇಪ್ಪತ್ತರ ರಾತ್ರಿಯಲ್ಲಿ, ಮೂರು ಗಂಟೆಗೊಮ್ಮೆ, ಬುಖಾರಿ ಒಲೆಯ ಬೆಚ್ಚನೆಯ ಟೆಂಟನ್ನು ಬಿಟ್ಟು ಹೊರಬಿದ್ದು, ಶಕ್ತಿಮಾನನ ಎಂಜಿನ್ನನ್ನು ಹೊಡೆದು, ಕಾಲು ಗಂಟೆ ಗುರುಗುಟ್ಟಿಸಿ, ಅವನ ಮೈ ಬೆಚ್ಚಗಾಯಿತೆಂದು ಖಾತ್ರಿಯಾದ ಮೇಲೆ ಒಳಗೆ ಬರುತ್ತಿದ್ದರು. ಬರಿಗೈಯಿಂದ ಕಬ್ಬಿಣವನ್ನು ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಚರ್ಮ ಅದಕ್ಕೆ ಅಂಟಿ ಉಳಿಯುವುದು. ಮಾವನ ಬಲಗೈ ತೋರುಬೆರಳಿನ ತುದಿಯಲ್ಲಿ ಹೆಬ್ಬೆಟ್ಟಿನ ಉಗುರಿನಷ್ಟು ಜಾಗ ನುಣುಪಾಗಿ, ಗೆರೆಗಳೇ ಇಲ್ಲದೆ, ಮಗುವಿನ ಕೆನ್ನೆಯಂತೆ ಹೊಳೆಯುತ್ತಿತ್ತು. ಅದು ಜೋಂಗಾದ ಬಾಗಿಲಿನ ಹಿಡಿ ತೆಗೆದುಕೊಂಡ ಸುಂಕ.

ಡೀಸೆಲಿನೊಳಗೆ ಮೇಣವಿರುತ್ತದೆಂಬ ಸಂಗತಿ ನಮ್ಮ ಬಿಸಿಲುಸೀಮೆಯ ಯಾವ ಪಂಪಿನವನಿಗೂ ತಿಳಿಯುವ ಅಗತ್ಯ ಬೀಳುವುದಿಲ್ಲ. ಅತಿಶೀತದಲ್ಲಿ ಆ ಮೇಣವು ಬೇರ್ಪಟ್ಟು, ಎಣ್ಣೆ ಮೊದಲು ಮಂಕಾಗಿ, ಆಮೇಲೆ ಮಜ್ಜಿಗೆಯಂತಾಗಿ, ಕೊನೆಗೆ ಗಟ್ಟಿ ತುಪ್ಪದಂತೆ ಕೊಳವೆಯಲ್ಲಿ ನಿಂತುಬಿಡುತ್ತದೆ. ಅದಕ್ಕಾಗಿ ಅದರಲ್ಲಿ ಸೀಮೆಎಣ್ಣೆ ಬೆರೆಸುವರು. ಸಾಲದಿದ್ದರೆ ತಗಡಿನ ತಟ್ಟೆಯಲ್ಲಿ ಕೆಂಡ ತುಂಬಿ, ಬಾಣಂತಿಯ ಮಂಚದ ಕೆಳಗೆ ಅಗ್ಗಿಷ್ಟಿಕೆ ಇಟ್ಟಂತೆ, ಎಂಜಿನ್ನಿನ ಅಡಿಗೆ ಸರಿಸುವರು. ಬ್ಯಾಟರಿಯಾದರೋ ಆ ಚಳಿಯಲ್ಲಿ ತನ್ನ ಅರ್ಧ ಕಸುವನ್ನು ಕಳೆದುಕೊಂಡಿರುತ್ತದೆ. ಅದರಲ್ಲಿಯೂ ಚಾರ್ಜು ಇಳಿದ ಬ್ಯಾಟರಿಯ ಒಳಗಿನ ದ್ರವ ಬಹುಬೇಗ ಹೆಪ್ಪುಗಟ್ಟಿ ಡಬ್ಬಿಯನ್ನೇ ಸೀಳುವುದರಿಂದ, ಮಾವ ಅದನ್ನು ಬಿಚ್ಚಿ ತಂದು ತಮ್ಮ ಹಾಸಿಗೆಯ ಪಕ್ಕದಲ್ಲಿ ಕಂಬಳಿ ಹೊದಿಸಿ ಮಲಗಿಸುತ್ತಿದ್ದರಂತೆ. ಕೈಬ್ರೇಕು ಎಳೆದು ನಿಲ್ಲಿಸಿದರೆ ರಾತ್ರಿ ಅದು ಹಿಡಿದದ್ದು ಬೆಳಿಗ್ಗೆ ಬಿಡುವುದಿಲ್ಲ. ಆದಕಾರಣ ಗಾಡಿಯನ್ನು ಗೇರಿನಲ್ಲಿ ಬಿಟ್ಟು ಗಾಲಿಗೆ ಕಲ್ಲು ಕೊಡತಕ್ಕದ್ದು. ವೈಪರನ್ನು ಗಾಜಿಗೆ ಅಂಟಲು ಬಿಡದೆ, ಕೈಮುಗಿಯಲು ಹೊರಟವನಂತೆ ಎತ್ತಿ ನಿಲ್ಲಿಸತಕ್ಕದ್ದು. ಹ್ಯಾಂಡಲು ಹಾಕಿ ಎಂಜಿನ್ ತಿರುಗಿಸುವಾಗ ಹೆಬ್ಬೆರಳನ್ನು ಬೆರಳುಗಳ ಎದುರಿಗೆ ಸುತ್ತದೆ ಅವುಗಳ ಸಾಲಿನಲ್ಲಿಯೇ ಇಡತಕ್ಕದ್ದು. ಎಂಜಿನ್ ಹಿಂದಕ್ಕೆ ಒದ್ದರೆ ಸುತ್ತಿದ ಹೆಬ್ಬೆರಳು ಉಳಿಯದು. ಇವು ಮಾವನ ಧರ್ಮಶಾಸ್ತ್ರದ ಸೂತ್ರಗಳು.

ಆ ಶಾಸ್ತ್ರದ ಪರಮಸೂತ್ರವು ಮಾತ್ರ ನೀರನ್ನು ಕುರಿತದ್ದು. ನೀರು ಹೆಪ್ಪುಗಟ್ಟಿದಾಗ ಹನ್ನೊಂದರಲ್ಲಿ ಒಂದು ಪಾಲಿನಷ್ಟು ಹಿಗ್ಗುತ್ತದೆ. ಎರಕದ ಕಬ್ಬಿಣಕ್ಕೆ ಹಿಗ್ಗಲು ಬಾರದು, ಸೀಳಲು ಬರುತ್ತದೆ. ಒಂದು ರಾತ್ರಿ ಮರೆತರೆ ಎಂಜಿನ್ನಿನ ಎದೆ ಒಡೆದು ಗಾಡಿಯ ಋಣ ಮುಗಿಯಿತು. ನೀರು ಹೆಪ್ಪುಗಟ್ಟದಂತೆ ಬೆರೆಸುವ ಔಷಧವು ಸರಬರಾಜಿನಲ್ಲಿ ಬಂದಾಗ ಸರಿ. ಹಿಮಬಿದ್ದು ದಾರಿ ಮುಚ್ಚಿ ಬಾರದಿದ್ದಾಗ, ಸಂಜೆ ಗಾಡಿ ನಿಲ್ಲಿಸಿದೊಡನೆ ರೇಡಿಯೇಟರಿನ ಅಡಿಯ ತಿರುಪನ್ನು ಸಡಿಲಿಸಿ ನೀರನ್ನೆಲ್ಲ ಬಸಿದುಬಿಡಬೇಕು, ಬೆಳಿಗ್ಗೆ ಒಲೆಯ ಮೇಲೆ ಹಿಮ ಕರಗಿಸಿ ಬಿಸಿನೀರು ಹುಯ್ಯಬೇಕು. ಹೊಸದಾಗಿ ಬಿದ್ದ ಹಿಮವು ಅರಳೆಯಂತೆ ಹಗುರವಾದದ್ದರಿಂದ, ಒಂದು ಬಕೆಟ್ಟು ನೀರಿಗೆ ಸುಮಾರು ಹತ್ತು ಬಕೆಟ್ಟು ಹಿಮ ಬೇಕಾಗುವುದು. ಸುತ್ತಮುತ್ತ ಕಣ್ಣು ಹಾಯುವವರೆಗೂ ನೀರೇ ಬಿದ್ದಿದ್ದು, ಒಂದು ಬಕೆಟ್ಟು ನೀರಿಗಾಗಿ ಎರಡು ಗಂಟೆ ಪರದಾಡುವ ಈ ವಿಪರ್ಯಾಸವನ್ನು ಹೇಳುವಾಗ, ಉಪ್ಪುನೀರಿನ ಬಾವಿಗಳ ನಡುವೆ ಬೆಳೆದ ಮಾವನ ಮುಖದಲ್ಲಿ ಪರಿಚಿತರನ್ನು ಪರದೇಶದಲ್ಲಿ ಕಂಡವನ ಸಂತೋಷವಿರುತ್ತಿತ್ತು.

ಹಿಮದ ಮೇಲೆ ಯಂತ್ರಗಳನ್ನು ನಡೆಸಿದವರ ಕೀರ್ತಿಯಲ್ಲಿ ನಮ್ಮ ನಾಡಿಗೂ ಪಾಲುಂಟೆಂಬುದು ಮಾವನಿಗೆ ಹೆಮ್ಮೆಯ ವಿಷಯವಾಗಿತ್ತು. 1948ನೆಯ ನವೆಂಬರ್ 1ರಂದು, ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು, ಹನ್ನೊಂದೂವರೆ ಸಾವಿರ ಅಡಿಗಳೆತ್ತರದ ಜೋಜಿ ಲಾ ಕಣಿವೆಯನ್ನು ಸ್ಟುವರ್ಟ್ ಟ್ಯಾಂಕುಗಳೊಡನೆ ದಾಟಿ ಲಡಾಖಿನ ದಾರಿಯನ್ನು ತೆರೆದರು. ಅಷ್ಟು ಎತ್ತರಕ್ಕೆ ಟ್ಯಾಂಕು ಬರಬಹುದೆಂದು ಎದುರಾಳಿಗಳು ಕನಸಿನಲ್ಲಿಯೂ ಎಣಿಸಿರಲಿಲ್ಲ. ಗುಟ್ಟು ಹೊರಬೀಳದಿರಲೆಂದು ಟ್ಯಾಂಕುಗಳ ತಲೆಗಳನ್ನು ಬಿಚ್ಚಿ ಬೇರೆಯಾಗಿ ಸಾಗಿಸಿದರು. ಹೇಸರಗತ್ತೆಗಳ ಜಾಡನ್ನು ಟ್ಯಾಂಕು ಹೋಗುವಷ್ಟು ಅಗಲಗೊಳಿಸಿದವರು ಮದ್ರಾಸ್ ಸ್ಯಾಪರ್ಸ್ ಪಡೆಯವರು. ಆ ಪಡೆಯ ಮನೆ ಬೆಂಗಳೂರಿನ ಹಲಸೂರು ಕೆರೆಯ ದಂಡೆಯಲ್ಲಿದೆ. ಟ್ಯಾಂಕಿಗೆ ಗಾಲಿಯಿಲ್ಲ, ಅದು ನಿನ್ನ ಜೀಪಿನ ಜಾತಿಯದಲ್ಲವೆಂದು ನಾನು ತಕರಾರು ತೆಗೆದರೆ, "ಚಳಿಗೆ ಜಾತಿ ಇಲ್ಲ ಸುಮ್ನಿರು," ಎನ್ನುತ್ತಿದ್ದರು.

ನನ್ನ ಮಟ್ಟಿಗೆ ಇನ್ನೊಂದು ಸಂಗತಿ ಇದಕ್ಕಿಂತಲೂ ಹೃದ್ಯವಾದದ್ದು. 1958ನೆಯ ಜನವರಿ 4ರಂದು, ಎವರೆಸ್ಟನ್ನೇರಿದ ಎಡ್ಮಂಡ್ ಹಿಲರಿಯವರು ದಕ್ಷಿಣ ಧ್ರುವವನ್ನು ಮುಟ್ಟಿದರು. 1912ರಲ್ಲಿ ಸ್ಕಾಟನು ಹೋಗಿ ಮರಳಿ ಬಾರದ ಮೇಲೆ ನೆಲದ ದಾರಿಯಿಂದ ಧ್ರುವಕ್ಕೆ ಹೋದವರು ಅವರೇ ಮೊದಲಿಗರು. ಸ್ಕಾಟನೂ ಮೋಟಾರು ಜಾರುಬಂಡಿಗಳನ್ನು ಒಯ್ದಿದ್ದನು; ಒಂದು ಹಡಗಿನಿಂದ ಇಳಿಸುವಾಗಲೇ ಮಂಜುಗಡ್ಡೆಯನ್ನು ಮುರಿದುಕೊಂಡು ಸಮುದ್ರದ ಪಾಲಾಯಿತು, ಉಳಿದವು ಸ್ವಲ್ಪ ದೂರದಲ್ಲಿಯೇ ಕೆಟ್ಟು ನಿಂತವು. ಹಿಲರಿಯವರನ್ನು ಒಯ್ದದ್ದಾದರೋ ಯಾವ ವಿಶೇಷ ಯಂತ್ರವೂ ಅಲ್ಲ; ಹೊಲ ಉಳುವ ಫರ್ಗ್ಯುಸನ್ ಟ್ರಾಕ್ಟರುಗಳು! ಗಾಲಿಗಳಿಗೆ ಪಟ್ಟಿ ತೊಡಿಸಿ, ಒಂದು ಬಿರುಕಿನಲ್ಲಿ ಬಿದ್ದರೆ ಉಳಿದವು ಎಳೆಯಲೆಂದು ಒಂದಕ್ಕೊಂದು ಹಗ್ಗ ಬಿಗಿದು, ಮೂರು ಟ್ರಾಕ್ಟರುಗಳು ಭೂಮಿಯ ತುದಿಯನ್ನು ಮುಟ್ಟಿದವು. ಅದೇ ವಂಶದ ಮೆಸ್ಸಿ ಟ್ರಾಕ್ಟರೊಂದು ನಮ್ಮ ಓಣಿಯಲ್ಲಿದ್ದು, ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ಕೆಸರು ಹೊಡೆಯಲು ಬಾಡಿಗೆಗೆ ಹೋಗಿ ಬರುತ್ತಿತ್ತು. ಅದರ ಯಜಮಾನನಿಗೆ ನಾನು ಈ ವಾರ್ತೆಯನ್ನು ತಿಳಿಸಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: "ಎಕರೆಗೆ ಎಷ್ಟು ಕೊಟ್ರಂತ?"

ಹಿಮದ ವಿಷಯದಲ್ಲಿ ಮಾವ ನಗದೆ ಸುಮ್ಮನೆ ಕುಳಿತದ್ದನ್ನು ನಾನು ಒಮ್ಮೆ ಮಾತ್ರ ಕಂಡಿದ್ದೇನೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ನಿನ ಸೋನಂ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಹತ್ತು ಜನ ಯೋಧರು ಹೂತುಹೋದರು. ಆರು ದಿನಗಳ ಮೇಲೆ, ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರನ್ನು ಜೀವಸಹಿತ ಹೊರತೆಗೆದರು. ನಾಡಿನ ಗುಡಿಮಸೀದಿಗಳಲ್ಲೆಲ್ಲ ಹರಕೆಗಳಾದವು. ಎಪ್ಪತ್ತು ದಾಟಿದ್ದ ಮಾವ ಟೀವಿಯ ಮುಂದಿನಿಂದ ಏಳಲೊಲ್ಲರು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಹನುಮಂತಪ್ಪನವರು ತೀರಿಕೊಂಡ ಸುದ್ದಿ ಬಂದಾಗ, ಮಾವ ಎದ್ದು ಹಿತ್ತಲಿಗೆ ಹೋಗಿ, ಎಷ್ಟೋ ವರ್ಷಗಳಿಂದ ಓಡದೆ ನಿಂತಿದ್ದ ಜೀಪಿನ ಮೇಲಿನ ತಾಡಪತ್ರಿಯನ್ನು ಸರಿಸಿ, ಚಾಲಕನ ಜಾಗದಲ್ಲಿ ಕುಳಿತುಕೊಂಡರು. ಊಟಕ್ಕೆ ಕರೆಯಲು ಹೋದ ನಾನು ಕರೆಯದೆ ಹಿಂದಿರುಗಿದೆ.

ಎರಡು ವರ್ಷಗಳ ಮೇಲೆ, ಮಾವನ ಮಾತುಗಳನ್ನು ಅವರು ಬದುಕಿರುವಾಗಲೇ ಒಮ್ಮೆ ಪರೀಕ್ಷಿಸಿ ನೋಡಬೇಕೆಂಬ ಹಠದಿಂದ, ನಾನು ಫೆಬ್ರವರಿ ತಿಂಗಳಲ್ಲಿ ಲೇಹ್ ನಗರಕ್ಕೆ ಹೋದೆ. ಅಲ್ಲಿಂದ ಸಿಂಧೂ ನದಿಯ ದಂಡೆಯಲ್ಲಿ ಸಾಗಿ, ಎಡಕ್ಕೆ ಹೊರಳಿ, ಚಾಂಗ್ ಲಾ ಎಂಬ ಕಣಿವೆಯನ್ನು ಏರಬೇಕು. ಎಡಕ್ಕೆ ಹೊರಳುವ ಹಳ್ಳಿಯ ಹೆಸರು ಕಾರು. ಮುಂದಿನ ಹಳ್ಳಿಯ ಹೆಸರು ಶಕ್ತಿ. ಕನ್ನಡಿಗನಾದ ನನಗೆ ಇದು ದೇವರೇ ನೆಟ್ಟ ಕೈಮರದಂತೆ ಕಂಡಿತು. ನಮ್ಮದು ಒಂದು ಹಳೆಯ ಡೀಸೆಲ್ ಜೀಪು. ಚಾಲಕನು ಇಪ್ಪತ್ತೈದರ ಲಡಾಖಿ ತರುಣ, ಮಿತಭಾಷಿ. ಜೀಪಿನ ಮೂತಿಗೆ ಅವನು ಗೋಣಿತಟ್ಟನ್ನು ಹೊಲಿದು ಕಟ್ಟಿದ್ದನು, ಎಂಜಿನ್ನಿಗೆ ಗಾಳಿ ತಾಗದಿರಲೆಂದು. ಬಳ್ಳಾರಿಯಲ್ಲಿ ನಾವು ಗೋಣಿತಟ್ಟನ್ನು ನೀರಿನಲ್ಲಿ ಅದ್ದಿ ಅದೇ ಜಾಗಕ್ಕೆ ಒತ್ತುತ್ತೇವೆ, ಎಂಜಿನ್ ತಣ್ಣಗಾಗಲೆಂದು. ಏರು ಕಡಿದಾದಾಗ ಅವನು ಇಳಿದು ಗೋಣಿಯ ಒಂದು ಸೆರಗನ್ನು ಮೇಲೆತ್ತಿದನು. ಅಲ್ಲಿಯ ವಿಚಿತ್ರವೆಂದರೆ, 5,300 ಮೀಟರಿಗೂ ಮಿಗಿಲಾದ ಆ ಎತ್ತರದಲ್ಲಿ ಗಾಳಿಯ ಒತ್ತಡವು ಸಮುದ್ರತೀರದ್ದರ ಅರ್ಧಕ್ಕೆ ಇಳಿದು, ತೆರೆದ ಪಾತ್ರೆಯ ನೀರು ಎಂಬತ್ತು ಚಿಲ್ಲರೆ ಡಿಗ್ರಿಗೇ ಕುದಿಯುತ್ತದೆ. ಕೆಳಗೆ ಹೆಪ್ಪುಗಟ್ಟುವ ಭಯ, ಮೇಲೆ ಕುದಿಯುವ ಭಯ. ಒಂದೇ ರೇಡಿಯೇಟರಿಗೆ ಒಂದೇ ಮಧ್ಯಾಹ್ನದಲ್ಲಿ ಎರಡೂ. ಅರ್ಧ ಉಸಿರಿನ ಎಂಜಿನ್ನು, ಅರ್ಧ ಉಸಿರಿನ ನಾನು, ಇಬ್ಬರೂ ಏದುತ್ತ ಮೇಲೇರಿದೆವು.

ಗಾಜಿನ ಹೊರಗೆ ಬಿದ್ದ ಹಿಮಕ್ಕೆ ವೈಪರು ಉಂಟು. ಒಳಗೆ, ನಮ್ಮ ಉಸಿರೇ ಗಾಜಿಗೆ ತಾಗಿ ಬಿಳಿಯ ಜರಿಯ ಸೆರಗಿನಂತೆ ಹೆಪ್ಪುಗಟ್ಟುತ್ತಿತ್ತು. ಕೆರೆಯಲು ಏನಾದರೂ ಕೊಡಿರೆಂದು ಚಾಲಕನು ಕೈಚಾಚಿದಾಗ ನನ್ನ ಜೇಬಿನಲ್ಲಿ ಸಿಕ್ಕಿದ್ದು ಆಧಾರ್ ಕಾರ್ಡು. ಕೊಳಗಲ್ಲಿನ ನಿವಾಸಿಯೆಂದು ಸರ್ಕಾರವು ದೃಢೀಕರಿಸಿದ ನನ್ನ ಭಾವಚಿತ್ರದ ಅಂಚಿನಿಂದ ಅವನು ಚಾಂಗ್ ಲಾದ ಹಿಮವನ್ನು ಕೆರೆಕೆರೆದು, ಇಡ್ಲಿಯಷ್ಟಗಲದ ಕಿಂಡಿ ಮಾಡಿಕೊಂಡು, ಅದರಲ್ಲಿಯೇ ನೋಡುತ್ತ ಕಣಿವೆಯನ್ನು ದಾಟಿಸಿದನು.

ಇಳಿಜಾರಿನಲ್ಲಿ ಒಂದೆಡೆ, ಬೇಸಿಗೆಯಲ್ಲಿ ರಸ್ತೆಯನ್ನು ಅಡ್ಡಹಾಯುವ ಝರಿಯು ಹರಿಯುತ್ತಿದ್ದಂತೆಯೇ ಗಟ್ಟಿಯಾಗಿ, ಹದಿನೈದು ಮಾರಿನಷ್ಟು ದೂರ ನೀಲಿಗಾಜಿನಂತೆ ಹರಡಿತ್ತು. ಎಡಕ್ಕೆ ಬಂಡೆ, ಬಲಕ್ಕೆ ಏನೂ ಇಲ್ಲ. ಚಾಲಕನು ಗಾಡಿ ನಿಲ್ಲಿಸಿ, ಇಳಿದು, ಆ ಗಾಜಿನ ಮೇಲೆ ತುದಿಯವರೆಗೂ ನಡೆದು, ಬೂಟಿನ ಹಿಮ್ಮಡಿಯಿಂದ ಅಲ್ಲಲ್ಲಿ ಗುದ್ದಿ ನೋಡಿ, ಹಿಂದಿರುಗಿ, ಹಿಂಬದಿಯ ಚೀಲದಿಂದ ಬೂದಿ ಬೆರೆಸಿದ ಜಲ್ಲಿಯನ್ನು, ಬಿತ್ತುವವನಂತೆ, ಎರಡು ಸಾಲಾಗಿ ಚೆಲ್ಲಿಕೊಂಡು ಹೋದನು. ಬಂದು ಕುಳಿತು ಸಣ್ಣ ಕಂಬಿಗಳೆರಡನ್ನೂ ಸರಿಸಿದನು. ಅವನ ಬಲಗಾಲು ಬ್ರೇಕಿನ ಮೇಲಿಲ್ಲದಿರುವುದನ್ನು ನೋಡಿದೆ. ಆಕ್ಸಿಲರೇಟರಿನ ಮೇಲೂ ಇರಲಿಲ್ಲ. ಎರಡರ ನಡುವೆ ನೆಲದ ಮೇಲೆ, ವಿಶ್ರಾಂತಿಯಲ್ಲಿತ್ತು. ಎಂಜಿನ್ ತನ್ನಷ್ಟಕ್ಕೆ ತಾನು ಗೊಣಗುತ್ತ ಗಾಡಿಯನ್ನು ಹಿಡಿದುಕೊಂಡು ಇಳಿಸಿತು. ನಡುವೆ ಒಮ್ಮೆ ಹಿಂಭಾಗವು ಬಲಕ್ಕೆ ಗೇಣಿನಷ್ಟು ಸರಿಯಿತು. ಅವನು ಗಾಬರಿಗೊಳ್ಳದೆ ಜಾರಿದ ಕಡೆಗೇ ಸ್ಟಿಯರಿಂಗನ್ನು ತುಸು ಕೊಟ್ಟು, ಮಗುವಿನ ತೊಟ್ಟಿಲನ್ನು ತಡೆಯುವಂತೆ ತಡೆದನು. ನಾನು ಆ ಹೊತ್ತಿನಲ್ಲಿ ಚೇಳಗುರ್ಕಿಯ ಎರ್ರಿತಾತನಿಗೆ ಏನೇನು ಹರಸಿಕೊಂಡೆನೆಂಬುದು ನನಗೂ ಎರ್ರಿತಾತನಿಗೂ ಸಂಬಂಧಪಟ್ಟ ವಿಷಯ.

ಆ ರಾತ್ರಿ ತಾಂಗ್ತ್ಸೆಯಲ್ಲಿ ತಂಗಿದೆವು. ಮೂರು ರಗ್ಗುಗಳ ಕೆಳಗೆ ನಿದ್ದೆ ಬಾರದೆ ಹೊರಳುತ್ತಿದ್ದವನಿಗೆ, ಎಷ್ಟೋ ಹೊತ್ತಿನಲ್ಲಿ, ಹೊರಗೆ ಜೀಪಿನ ಗುರುಗುಟ್ಟುವ ಸದ್ದು ಕೇಳಿಸಿತು. ಕಾಲು ಗಂಟೆಯಷ್ಟು. ಆಮೇಲೆ ನಿಂತು, ಹೆಜ್ಜೆಗಳು ಒಳಗೆ ಬಂದವು. ಗಡಿಯಾರ ನೋಡಿದೆ, ಎರಡೂಮುಕ್ಕಾಲು. ನಮ್ಮೂರಿನಲ್ಲಿ ಎತ್ತಿಗೆ ಸೊಪ್ಪೆ ಹಾಕುವ ಹೊತ್ತು.

ಊರಿಗೆ ಮರಳಿ ಮಾವನ ಮುಂದೆ ಇದೆಲ್ಲವನ್ನೂ ಒಪ್ಪಿಸಿದಾಗ ಅವರು ಕಣ್ಣುಮುಚ್ಚಿ ಕೇಳಿದರು. ಕೇಳಿ ಮುಗಿಸಿ, "ರಾತ್ರಿ ವೈಪರ್ ಎತ್ತಿ ನಿಲ್ಲಿಸಿದ್ನಾ?" ಎಂದರು. ನಿಲ್ಲಿಸಿದ್ದನೆಂದೆ. "ಹುಡುಗ ಚಲೋ ಅದಾನ," ಎಂದು ತೀರ್ಪಿತ್ತರು. ಮರುವರ್ಷ ನವೆಂಬರಿನಲ್ಲಿ, ಇಂಡಿಯನ್ ಆಯಿಲ್ ಸಂಸ್ಥೆಯವರು ಮೈನಸ್ 33 ಡಿಗ್ರಿಯವರೆಗೂ ಹರಿಯುವ ಡೀಸೆಲನ್ನು ಲಡಾಖಿಗಾಗಿ ತಯಾರಿಸಿದ್ದಾರೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಹೇಳಿದಾಗ ಮಾವನಿಗೆ ಅಷ್ಟು ಸಂತೋಷವಾದಂತೆ ತೋರಲಿಲ್ಲ. "ಹಂಗಾದ್ರ ರಾತ್ರಿ ಯಾಕ ಏಳ್ತಾರ ಇನ್ನು?" ಎಂದು ಸುಮ್ಮನಾದರು.

ಅಲ್ಲಿಯೇ ಕುಳಿತು ಹುಣಸೆಹಣ್ಣು ಬಿಡಿಸುತ್ತಿದ್ದ ಅತ್ತೆ ಆಗ ಬಾಯಿ ತೆರೆದರು. "ಇವರ ಚಳಿ ಕಥಿ ಎಲ್ಲಾರೂ ಕೇಳ್ತೀರಿ. ನನ್ನ ಕಥಿ ಯಾರು ಕೇಳೀರಿ?" ಎಂದು ಹೇಳತೊಡಗಿದರು.

ಜೀಪು ಬಂದದ್ದು ಚೈತ್ರಮಾಸದಲ್ಲಿ. ಮನೆಯ ಹತ್ತಿರದ ಬಾವಿಯ ನೀರು ಉಪ್ಪು. ಅದನ್ನು ಹಾಕಿದರೆ ರೇಡಿಯೇಟರಿನೊಳಗೆ ಕಿಟ್ಟ ಕಟ್ಟುವುದೆಂದು ಮಾವ ಅತ್ತೆಯಿಂದ, ಊರ ಹೊರಗಿನ ಸಿಹಿನೀರಿನ ಬಾವಿಯಿಂದ ಹೊತ್ತುತಂದ ಕುಡಿಯುವ ನೀರನ್ನೇ ಎರಡು ಕೊಡ ಹಾಕಿಸಿಕೊಂಡಿದ್ದರು. ಮೊದಲ ರಾತ್ರಿ ಕಳೆದು ಬೆಳಿಗ್ಗೆ ಅಂಗಳ ಗುಡಿಸಲು ಬಂದ ಅತ್ತೆಗೆ ಜೀಪಿನ ಕೆಳಗೆ ಒದ್ದೆಯ ನೆಲ ಕಂಡಿತು. ಗಾಡಿ ಸೋರುತ್ತಿದೆ, ಹರಾಜಿನವರು ಮೋಸ ಮಾಡಿದರು ಎಂದು ಅವರು ಕೂಗಿಕೊಂಡರು. ಸೋರಿರಲಿಲ್ಲ. ರಾತ್ರಿ ಜೀಪು ನಿಲ್ಲಿಸಿದ ಮಾವ, ಹದಿನೈದು ವರ್ಷಗಳ ರೂಢಿಯಂತೆ, ಬಗ್ಗಿ ತಿರುಪು ಸಡಿಲಿಸಿ ನೀರನ್ನೆಲ್ಲ ಬಸಿದು, ವೈಪರುಗಳನ್ನು ಮೇಲೆತ್ತಿ, ಗಾಲಿಗೆ ಕಲ್ಲು ಕೊಟ್ಟು ಬಂದು ಮಲಗಿದ್ದರು. ಹೊರಗೆ ನಡುರಾತ್ರಿಯಲ್ಲಿಯೂ ಕಲ್ಲುಗುಡ್ಡಗಳು ಬಿಸಿಯುಸಿರು ಬಿಡುತ್ತಿದ್ದ ಕಾಲವದು. ಅತ್ತೆ ಆ ದಿನ ಜಗಳವಾಡಿದರು. ಮರುದಿನ ರಾತ್ರಿಯೂ ಹಾಗೆಯೇ ಆಯಿತು. ಮೂರನೆಯ ರಾತ್ರಿ, ಎರಡರ ಸುಮಾರಿಗೆ, ಮಾವ ದಿಗ್ಗನೆದ್ದು, ಮೈಯೆಲ್ಲ ಬೆವೆತಿದ್ದರೂ ಕಂಬಳಿ ಸುತ್ತಿಕೊಂಡು, ಅಂಗಳಕ್ಕೆ ಹೋಗಿ ಜೀಪಿನ ಬಾನೆಟ್ಟಿನ ಮೇಲೆ ಕೈಯಾಡಿಸಿ ಬಂದದ್ದನ್ನು ಅತ್ತೆ ಕಂಡರು.

"ಅವತ್ತಿನಿಂದ ಜಗಳ ಮಾಡಲಿಲ್ಲಪ್ಪ," ಎಂದರು ಅತ್ತೆ, ಹುಣಸೆಯ ಬೀಜವೊಂದನ್ನು ಬೇರೆಯಾಗಿ ಎತ್ತಿಡುತ್ತ. "ಸಂಜಿಗೆ ತಿರುಪಿನ ಕೆಳಗ ಒಂದು ಬೋಗುಣಿ ಇಡತಿದ್ದೆ. ಮುಂಜಾನೆ ಅದಾ ನೀರು ಬಟ್ಟೀಲೆ ಸೋಸಿ ಮತ್ತ ಹಾಕತಿದ್ದೆ. ಎರಡು ವರ್ಷ ಆಗಿತ್ತೇನೋ, ಒಂದಿನ ಬೋಗುಣಿ ಖಾಲಿ ಇತ್ತು."